ಕೋಡ್ ಬೇಗ ಬರುತ್ತೆ, ಟಿಕೆಟ್ ಯಾಕೆ ಬೇಗ ಮುಗಿಯಲ್ಲ?

ಪ್ರಶ್ನೆ: ನಾನು ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯಲ್ಲಿ ನಾಲ್ಕು ವರ್ಷದಿಂದ ಪೈಥಾನ್ ಡೆವಲಪರ್ ಆಗಿದ್ದೇನೆ. ಎಂಟು ತಿಂಗಳಿಂದ ಎಐ ಅಸಿಸ್ಟೆಂಟ್ ಬಳಸುತ್ತಿದ್ದೇನೆ. ಕೋಡ್ ಏನೋ ಬೇಗ ಬರುತ್ತದೆ, ಆದರೆ ಟಿಕೆಟ್ (ನನಗೆ ಒಪ್ಪಿಸಿದ ಕೆಲಸ) ಬೇಗ ಮುಗಿಯುತ್ತಿಲ್ಲ. ಅರ್ಧ ದಿನ ಅದರ ಜೊತೆ ವಾದ ಮಾಡುವುದರಲ್ಲೇ ಹೋಗುತ್ತದೆ. ಊಟದ ಹೊತ್ತಿಗೆ ಲಿಮಿಟ್ ಮುಗಿಯಿತು ಅಂತ ಬರುತ್ತದೆ. ರಿವ್ಯೂನಲ್ಲಿ ಸೀನಿಯರ್ ಬೈಯುತ್ತಾರೆ. ಈಗಲೂ ಒಂದರಲ್ಲಿ ಸಿಕ್ಕಿಬಿದ್ದಿದ್ದೇನೆ: ಬ್ಯಾಂಕ್ ಸ್ಟೇಟ್‌ಮೆಂಟ್‌ನ ಸಿಎಸ್‌ವಿ ಫೈಲ್ ಓದಬೇಕು. ಮೂರು ದಿನದಿಂದ ಪಾಂಡಾಸ್ (ಇಂಥ ಪಟ್ಟಿ ಓದುವ ಪೈಥಾನ್ ಲೈಬ್ರರಿ) ಕೋಡ್ ತಿದ್ದಿಸುತ್ತಲೇ ಇದ್ದೇನೆ, ಕೆಲವು ದಿನಾಂಕ ಸರಿ ಬರುತ್ತವೆ, ಕೆಲವು ತಪ್ಪು. ಇದನ್ನು ಸರಿಯಾಗಿ ಬಳಸುವುದು ಹೇಗೆ? ಹೀಗೇ ಮಾಡುತ್ತಿದ್ದರೆ ಕಲಿತದ್ದೂ ಮರೆತುಹೋಗುತ್ತಾ?

ಉತ್ತರ: ಇದು ನಿಮ್ಮೊಬ್ಬರ ಕಥೆ ಅಲ್ಲ. 2025ರ ಜುಲೈಯಲ್ಲಿ ಅಮೆರಿಕದ ಮೆಟರ್ ಎಂಬ ಸಂಶೋಧನಾ ಸಂಸ್ಥೆ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ 16 ಡೆವಲಪರ್‌ಗಳು, ಒಟ್ಟು 246 ಕೆಲಸಗಳು. ಯಾವ ಕೆಲಸಕ್ಕೆ ಎಐ ಬಳಸಬಹುದು, ಯಾವುದಕ್ಕೆ ಬಳಸುವಂತಿಲ್ಲ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. ಎಐ ಇದ್ದರೆ 24% ಕಡಿಮೆ ಸಮಯ ಸಾಕು ಅಂತ ಶುರುವಿನಲ್ಲಿ ಅವರ ಅಂದಾಜು. ಗಡಿಯಾರ ನೋಡಿದರೆ 19% ಜಾಸ್ತಿ ಹಿಡಿದಿತ್ತು. ಎಲ್ಲ ಮುಗಿದ ಮೇಲೆ ಕೇಳಿದಾಗಲೂ ಅವರು 20% ಸಮಯ ಉಳಿಯಿತು ಅಂತಲೇ ನಂಬಿದ್ದರು.

ಈ ಅಂಕಿಯನ್ನು ಹಿಡಿದುಕೊಂಡು ಎಐ ದಂಡ ಅನ್ನಬೇಡಿ. ಅವರು ಕೆಲಸ ಮಾಡಿದ್ದು ತಮಗೆ ಇಂಚಿಂಚೂ ಗೊತ್ತಿರುವ ದೊಡ್ಡ, ಹಳೆಯ ಕೋಡ್‌ನಲ್ಲಿ. ಉಪಕರಣಗಳೂ ಆಗಿನವು. ನನಗೆ ಇದರಲ್ಲಿ ಮುಖ್ಯ ಅನಿಸಿದ್ದು ಕೊನೆಯ ಸಾಲು. ಬೇಗ ಆಯಿತು ಅಂತ ನಮಗೆ ಅನಿಸುವುದಕ್ಕೂ ನಿಜವಾಗಿ ಬೇಗ ಆಗುವುದಕ್ಕೂ ಅಷ್ಟು ಅಂತರ ಇರಬಹುದು. ಪರದೆಯ ಮೇಲೆ ಕೋಡ್ ಸುರಿಯುವಾಗ ಕೆಲಸ ಓಡುತ್ತಿದೆ ಅನಿಸುತ್ತದೆ, ಅಲ್ವಾ? ಹಾಗಾಗಿ ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ: ಟಿಕೆಟ್ ಕೈಗೆತ್ತಿಕೊಂಡದ್ದು ಎಷ್ಟು ಹೊತ್ತಿಗೆ, ಮರ್ಜ್ ಆದದ್ದು (ಮುಖ್ಯ ಕೋಡ್‌ಗೆ ಸೇರಿದ್ದು) ಎಷ್ಟು ಹೊತ್ತಿಗೆ, ಎಐ ಬಳಸಿದ್ದೋ ಇಲ್ಲವೋ. ಮೂರೇ ಕಲಂ. ಎಲ್ಲಿ ಉಳಿಯುತ್ತಿದೆ, ಎಲ್ಲಿ ಸೋರುತ್ತಿದೆ ಅನ್ನುವುದು ಅದರಲ್ಲೇ ಕಾಣುತ್ತದೆ.

ನನ್ನ ಲೆಕ್ಕದಲ್ಲಿ ಸೋರುವುದು ಬಹುಪಾಲು ಒಂದೇ ಕಡೆ. ಕೋಡ್ ಬರೆಯುವ ಹೊತ್ತು ಎಐನಿಂದ ಕಡಿಮೆ ಆಯಿತು, ನಿಜ. ಆದರೆ ಬಂದದ್ದು ಸರಿಯೋ ತಪ್ಪೋ ನೋಡುವ ಹೊತ್ತು ಜಾಸ್ತಿಯಾಯಿತು. ನೀವೇ ಬರೆದ ಕೋಡ್ ಆದರೆ ಬರೆಯುವಾಗಲೇ ಅರ್ಧ ಪರೀಕ್ಷೆ ಆಗಿರುತ್ತದೆ. ಬೇರೆಯವರು ಬರೆದ 400 ಸಾಲನ್ನು ಸೊನ್ನೆಯಿಂದ ಓದಿ ಅರ್ಥ ಮಾಡಿಕೊಳ್ಳಬೇಕು. ಅದಕ್ಕೇ ನಾನು ನನ್ನ ತಂಡಕ್ಕೆ ಹೇಳುವುದು ಒಂದೇ ಮಾತು: ಕೋಡ್ ಕೇಳುವ ಮೊದಲು, ಅದು ಸರಿ ಇದೆ ಅಂತ ಹೇಗೆ ನೋಡುತ್ತೀರಿ ಅನ್ನುವುದನ್ನು ಬರೆದುಕೊಳ್ಳಿ. ಅದನ್ನು ಬರೆಯಲು ಆಗದಿದ್ದರೆ ಆ ಕೆಲಸವನ್ನು ಎಐಗೆ ಕೊಡುವ ಹೊತ್ತು ಇನ್ನೂ ಬಂದಿಲ್ಲ.

ನಮ್ಮಲ್ಲೇ ನಡೆದ ಒಂದು ಘಟನೆ ಹೇಳುತ್ತೇನೆ. ಒಂದು ಸಹಕಾರ ಸಂಘದ ಸದಸ್ಯರ ಪಟ್ಟಿಗೆ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಹೆಸರೆಲ್ಲ ಕನ್ನಡದಲ್ಲಿ. ತಂಡದ ಹುಡುಗನೊಬ್ಬ ಅಸಿಸ್ಟೆಂಟ್‌ಗೆ "ಸದಸ್ಯರ ಹೆಸರಿನಲ್ಲಿ ಹುಡುಕುವ ಸೌಲಭ್ಯ ಸೇರಿಸು" ಅಂತ ಕೇಳಿದ. ಹತ್ತು ನಿಮಿಷದಲ್ಲಿ ಆರು ಫೈಲ್ ಬದಲಾದವು, ಟೆಸ್ಟ್ (ಕೋಡ್ ಸರಿ ಇದೆಯಾ ಅಂತ ಪರೀಕ್ಷಿಸುವ ಕೋಡ್) ಕೂಡ ಬರೆದುಕೊಟ್ಟಿತು, ಎಲ್ಲ ಪಾಸ್. ಟೆಸ್ಟ್‌ನಲ್ಲಿದ್ದ ಹೆಸರುಗಳು ಇಂಗ್ಲಿಷ್ ಅಕ್ಷರದ ರಮೇಶ್, ಸುರೇಶ್.

ಆಮೇಲೆ ಬಸಪ್ಪ ಅಂತ ಹುಡುಕಿದರೆ ಈರಪ್ಪ, ಕಲ್ಲಪ್ಪ, ಸಿದ್ದಪ್ಪ ಎಲ್ಲರೂ ಬಂದರು. ಹುಡುಗ "ಬೇರೆಯವರೂ ಬರುತ್ತಿದ್ದಾರೆ, ಸರಿ ಮಾಡು" ಅಂದ. ಅದು ಒಂದಕ್ಷರದ ತುಂಡುಗಳನ್ನು ಬಿಟ್ಟುಬಿಡುವ ಹಾಗೆ ಒಂದು ತೇಪೆ ಹಾಕಿತು. ಬಸಪ್ಪ ಸರಿಯಾದ. ಆದರೆ ಗೀತಾ ಅಂತ ಹುಡುಕಿದರೆ ಒಬ್ಬರೂ ಸಿಗಲಿಲ್ಲ. ಮತ್ತೆ ಹೇಳಿದ, ಮತ್ತೊಂದು ತೇಪೆ. ಸಂಜೆಯವರೆಗೂ ಇದೇ ಆಯಿತು.

ನಿಜವಾದ ಕಾರಣ ಒಂದೇ ಕಡೆ ಇತ್ತು. ಪೈಥಾನ್ ಜೊತೆಗೇ ಬರುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಮಾಡ್ಯೂಲ್‌ನಲ್ಲಿ ಪದವನ್ನು ಹುಡುಕುವ ಒಂದು ಗುರುತಿದೆ, ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು. ಅದರ ಪ್ರಕಾರ ಕನ್ನಡದ ಬಿಡಿ ಅಕ್ಷರಗಳು ಅಕ್ಷರ ಹೌದು, ಆದರೆ ಒತ್ತಕ್ಷರ ಮಾಡುವ '್' ಚಿಹ್ನೆ (ಯೂನಿಕೋಡ್‌ನಲ್ಲಿ ವಿರಾಮ) ಮತ್ತು ಗುಣಿತದ ಚಿಹ್ನೆಗಳು ಅಕ್ಷರ ಅಲ್ಲ. ಹಾಗಾಗಿ 'ಬಸಪ್ಪ' ಅನ್ನುವುದು 'ಬಸಪ' ಮತ್ತು 'ಪ' ಅಂತ ಎರಡು ತುಂಡಾಗುತ್ತದೆ. ಈ ಒಂಟಿ 'ಪ' ಎಲ್ಲ ಅಪ್ಪಂದಿರ ಹೆಸರಿನಲ್ಲೂ ಇದೆ. 'ಗೀತಾ' ಒಡೆದು 'ಗ', 'ತ' ಆಗುತ್ತದೆ. ಒಂದಕ್ಷರದ್ದನ್ನು ಬಿಟ್ಟರೆ ಏನೂ ಉಳಿಯುವುದಿಲ್ಲ. ತೇಪೆ ಹಾಕಿದ್ದು ಗಾಯ ಇಲ್ಲದ ಕಡೆ.

ಮಾರನೇ ದಿನ ಆ ಬ್ರಾಂಚ್ (ಆ ಬದಲಾವಣೆಗಳಿದ್ದ ಕೋಡ್‌ನ ಪ್ರತಿ) ಅಳಿಸಿ ಹೊಸದಾಗಿ ಶುರು ಮಾಡಿದೆವು. ಈ ಸಲ ಮೊದಲು ಕೈಯಾರೆ ಐದು ಉದಾಹರಣೆ ಬರೆದೆವು. ಬಸಪ್ಪ ಅಂದರೆ ಬಸಪ್ಪ ಮಾತ್ರ ಬರಬೇಕು, ಈರಪ್ಪ ಬರಬಾರದು. ಗೀತಾ ಸಿಗಬೇಕು. 'ಬಸಪ್ಪ ಕಲ್ಲಪ್ಪ' ಅಂತ ಇರುವವರು 'ಕಲ್ಲಪ್ಪ ಬಸಪ್ಪ' ಅಂತ ಹುಡುಕಿದರೂ ಸಿಗಬೇಕು. ರಾಜ್‌ಕುಮಾರ್ ಹೆಸರಿನ ಮಧ್ಯೆ ಕಣ್ಣಿಗೆ ಕಾಣದ ಜೋಡಣೆ ತಡೆಯುವ ಅಕ್ಷರ ಇದ್ದರೂ ಇಲ್ಲದಿದ್ದರೂ ಸಿಗಬೇಕು. ಖಾಲಿ ಬಿಟ್ಟು ಹುಡುಕಿದರೆ ಏನೂ ತೋರಿಸಬಾರದು. ಇವನ್ನು ಟೆಸ್ಟ್ ಆಗಿ ಹಾಕಿ, ಐದೂ ಫೇಲ್ ಆಗುವುದನ್ನು ನೋಡಿ, ಆಮೇಲೆ ಅಸಿಸ್ಟೆಂಟ್‌ಗೆ ಹೇಳಿದೆವು: "ಈ ಟೆಸ್ಟ್‌ಗಳು ಪಾಸ್ ಆಗಬೇಕು. ಟೆಸ್ಟ್ ಫೈಲ್ ಮುಟ್ಟಬೇಡ. ಮೊದಲು ಕೋಡ್ ಓದಿ ಕಾರಣ ಏನು, ಏನು ಬದಲಿಸುತ್ತೀಯ ಅಂತ ಹತ್ತು ಸಾಲಿನಲ್ಲಿ ಹೇಳು." ಅದೇ ಮಾಡೆಲ್, ಅದೇ ಕೋಡ್. '್' ಚಿಹ್ನೆಯ ವಿಷಯವನ್ನು ಅದೇ ಕಂಡುಹಿಡಿದು ಹೇಳಿತು. ಹೊರಗಿನಿಂದ ಹಾಕಿಕೊಳ್ಳುವ ರೆಗೆಕ್ಸ್ ಎಂಬ ಪ್ಯಾಕೇಜ್‌ನಲ್ಲಿ ಈ ತೊಂದರೆ ಇಲ್ಲ ಅಂತಲೂ ಸೂಚಿಸಿತು. ಸುಮಾರು 30 ಸಾಲು ಬದಲಾಯಿತು. ಉದಾಹರಣೆ ಬರೆಯುವುದೂ ಸೇರಿ ಒಂದು ಗಂಟೆಯೊಳಗೆ ಮುಗಿಯಿತು.

ಈ ಎರಡು ದಿನಗಳ ಮಧ್ಯೆ ಬದಲಾದದ್ದು ಎರಡೇ. ಸರಿ ಅಂದರೆ ಏನು ಅನ್ನುವುದು ಮೊದಲೇ ಬರಹದಲ್ಲಿತ್ತು. ಕೋಡ್ ಬರೆಯುವ ಮೊದಲು ಯೋಜನೆ ಕೇಳಿದೆವು. ಯೋಜನೆ ತಪ್ಪಿದ್ದರೆ ಹತ್ತು ಸಾಲು ಓದಿದ ಕೂಡಲೇ ಗೊತ್ತಾಗುತ್ತದೆ. ಕೋಡ್ ಬಂದ ಮೇಲಾದರೆ ಆರು ಫೈಲ್ ಜಾಲಾಡಬೇಕು. ಟೆಸ್ಟ್ ಕೂಡ ಅದೇ ಬರೆಯಲಿ ಅಂತ ಬಿಟ್ಟರೆ ತನ್ನ ತಿಳುವಳಿಕೆಗೆ ತಕ್ಕ ಟೆಸ್ಟನ್ನೇ ಬರೆದುಕೊಳ್ಳುತ್ತದೆ. ತಪ್ಪು ತಿಳುವಳಿಕೆ ಎರಡು ಕಡೆ ಕೂತು ಒಂದನ್ನೊಂದು ಸರಿ ಅನ್ನುತ್ತವೆ. ಉದಾಹರಣೆಗಳು ನಿಮ್ಮವಾಗಿರಲಿ, ಟೆಸ್ಟ್‌ನ ಉಳಿದ ಸಾಲುಗಳನ್ನು ಬೇಕಾದರೆ ಅದು ಬರೆಯಲಿ.

ಈಗ ಲಿಮಿಟ್ ವಿಷಯ. ಬಹಳ ಮಂದಿಗೆ ಇದರ ಒಳಗಿನ ಕೆಲಸ ಗೊತ್ತಿಲ್ಲ. ಮಾಡೆಲ್‌ಗೆ ನಮ್ಮ ಹಾಗೆ ನೆನಪು ಇರುವುದಿಲ್ಲ. ನೀವು ಪ್ರತಿ ಸಲ ಎಂಟರ್ ಒತ್ತಿದಾಗಲೂ ಆ ಮಾತುಕತೆಯಲ್ಲಿ ಅಲ್ಲಿವರೆಗೆ ನಡೆದದ್ದೆಲ್ಲ ಮತ್ತೆ ಮೊದಲಿಂದ ಅದಕ್ಕೆ ಹೋಗುತ್ತದೆ. ಅದು ಓದಿದ ಫೈಲ್‌ಗಳು, ಎರರ್‌ಗಳು, ತಪ್ಪು ಪ್ರಯತ್ನಗಳು, ಎಲ್ಲವೂ. ಮಾಡೆಲ್ ಓದುವ ಪಠ್ಯವನ್ನು ಟೋಕನ್ ಎಂಬ ಸಣ್ಣ ತುಣುಕುಗಳಲ್ಲಿ ಎಣಿಸುತ್ತಾರೆ; ಒಂದೊಂದು ಸುತ್ತಿಗೆ 2,000 ಟೋಕನ್ ಸೇರುತ್ತದೆ ಅಂತ ಇಟ್ಟುಕೊಳ್ಳಿ. ಒಂದೇ ಮಾತುಕತೆಯಲ್ಲಿ 30 ಸುತ್ತು ಎಳೆದರೆ ಒಟ್ಟು ಹೋಗುವುದು 9,30,000 ಟೋಕನ್. ಅದನ್ನೇ 10 ಸುತ್ತಿನ ಮೂರು ಬೇರೆ ಬೇರೆ ಮಾತುಕತೆ ಮಾಡಿದರೆ 3,30,000. ಒಮ್ಮೆ ಕಳಿಸಿದ್ದನ್ನು ಕ್ಯಾಶ್‌ನಲ್ಲಿ (ತಾತ್ಕಾಲಿಕ ಸಂಗ್ರಹದಲ್ಲಿ) ಇಟ್ಟು ಖರ್ಚು ಇಳಿಸುವ ವ್ಯವಸ್ಥೆ ಈಗ ಇದೆ. ಆದರೂ ಉದ್ದ ಮಾತುಕತೆ ಬೇಗ ಲಿಮಿಟ್ ತಿನ್ನುತ್ತದೆ ಅನ್ನುವುದು ಬದಲಾಗಿಲ್ಲ.

ಖರ್ಚಿಗಿಂತ ದೊಡ್ಡ ತೊಂದರೆ ಗುಣಮಟ್ಟದ್ದು. ಹಿಂದಿನ ತಪ್ಪು ಪ್ರಯತ್ನಗಳು ಅಲ್ಲೇ ಕೂತಿರುತ್ತವೆ, ಹೊಸ ಉತ್ತರವನ್ನು ತಮ್ಮ ಕಡೆಗೇ ಎಳೆಯುತ್ತವೆ. ನೀವು ಹೇಳಿದ "ವಾದ" ಅದೇ. ನಾನು ಪಾಲಿಸುವ ನಿಯಮ: ಎರಡು ಸಲ ತಿದ್ದಿ ಹೇಳಿದ ಮೇಲೂ ತಪ್ಪೇ ಬಂದರೆ ಮೂರನೇ ಸಲ ಹೇಳುವುದಿಲ್ಲ. ಕೋಡನ್ನು ಹಿಂದಿನ ಕಮಿಟ್‌ಗೆ (ಗಿಟ್‌ನಲ್ಲಿ ಉಳಿಸಿಟ್ಟ ಹಂತಕ್ಕೆ) ವಾಪಸ್ ತಂದು ಹೊಸ ಮಾತುಕತೆ ತೆರೆಯುತ್ತೇನೆ. ಇಷ್ಟರಲ್ಲಿ ನನಗೆ ಗೊತ್ತಾದದ್ದನ್ನು ಸೇರಿಸಿ ಕೆಲಸವನ್ನು ಹೊಸದಾಗಿ ವಿವರಿಸುತ್ತೇನೆ. ಇದಕ್ಕೆ ಪದೇ ಪದೇ ಕಮಿಟ್ ಮಾಡುವ ಅಭ್ಯಾಸ ಬೇಕು. ಎಐ ಒಂದು ಹೆಜ್ಜೆ ಸರಿಯಾಗಿ ಮುಗಿಸಿತಾ, ಕೂಡಲೇ ಕಮಿಟ್. ಆಗ ಬಿಸಾಡುವುದಕ್ಕೆ ಮನಸ್ಸು ಹಿಂಜರಿಯುವುದಿಲ್ಲ.

ಕನ್ನಡದಲ್ಲಿ ಕೇಳಬಹುದಾ ಅಂತಲೂ ಹಲವರು ಕೇಳುತ್ತಾರೆ. ಕೇಳಿ. ಒಂದೇ ಅರ್ಥದ ಮಾತಿಗೆ ಕನ್ನಡ ಲಿಪಿ ಇಂಗ್ಲಿಷ್‌ಗಿಂತ ಜಾಸ್ತಿ ಟೋಕನ್ ತೆಗೆದುಕೊಳ್ಳುತ್ತದೆ, ಅದು ನಿಜ. ಆದರೆ ನೀವು ಟೈಪ್ ಮಾಡುವ ನಾಲ್ಕು ಸಾಲು, ಅದು ಓದುವ ಸಾವಿರಾರು ಸಾಲು ಕೋಡ್‌ನ ಮುಂದೆ ಏನೂ ಅಲ್ಲ. ಯಾವ ಭಾಷೆಯಲ್ಲಿ ನಿಮಗೆ ಖಚಿತವಾಗಿ ಹೇಳಲು ಬರುತ್ತದೋ ಅದರಲ್ಲಿ ಹೇಳಿ. ಅರೆಬರೆ ಇಂಗ್ಲಿಷ್‌ನಲ್ಲಿ ಮಸುಕಾಗಿ ಹೇಳುವುದಕ್ಕಿಂತ ಕನ್ನಡದಲ್ಲಿ ಸ್ಪಷ್ಟವಾಗಿ ಹೇಳಿದ್ದು ಎಷ್ಟೋ ಮೇಲು. ಫಂಕ್ಷನ್, ಫೈಲ್‌ಗಳ ಹೆಸರು ಮಾತ್ರ ಕೋಡ್‌ನಲ್ಲಿ ಇರುವ ಹಾಗೇ ಬರೆಯಿರಿ.

ಪ್ರತಿ ಹೊಸ ಮಾತುಕತೆಯಲ್ಲೂ ಪ್ರಾಜೆಕ್ಟ್ ಬಗ್ಗೆ ಮೊದಲಿಂದ ಹೇಳುವುದು ಬೇಜಾರು. ಅದಕ್ಕೆ ಪ್ರಾಜೆಕ್ಟ್‌ನಲ್ಲೇ ಒಂದು ಸೂಚನೆ ಫೈಲ್ ಇಡಬಹುದು. ಕ್ಲೋಡ್ ಕೋಡ್ ಎಂಬ ಅಸಿಸ್ಟೆಂಟ್ ಆದರೆ ಕ್ಲೋಡ್ ಡಾಟ್ ಎಂಡಿ, ಬೇರೆ ಹಲವು ಉಪಕರಣಗಳು ಏಜೆಂಟ್ಸ್ ಡಾಟ್ ಎಂಡಿ ಅನ್ನುವ ಹೆಸರಿನ ಫೈಲ್ ಓದುತ್ತವೆ. ಅದರಲ್ಲಿ ಏನಿರಬೇಕು? ಟೆಸ್ಟ್ ಓಡಿಸುವ ಕಮಾಂಡ್. ಮುಟ್ಟಬಾರದ ಫೋಲ್ಡರ್. ನಿಮ್ಮ ತಂಡದವರಿಗೆ ಮಾತ್ರ ಗೊತ್ತಿರುವ ನಿರ್ಧಾರಗಳು, ಉದಾಹರಣೆಗೆ ದುಡ್ಡಿನ ಲೆಕ್ಕ ಫ್ಲೋಟ್‌ನಲ್ಲಿ (ದಶಮಾಂಶ ಸಂಖ್ಯೆಯಲ್ಲಿ) ಬೇಡ, ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಬೇಕು ಅನ್ನುವಂಥದ್ದು. "ಒಳ್ಳೆಯ ಕೋಡ್ ಬರೆ" ಅಂತ ಬರೆದರೆ ಅದರಿಂದ ಏನೂ ಆಗುವುದಿಲ್ಲ. ಈ ಫೈಲ್ ಕೂಡ ಪ್ರತಿ ಸಲ ಹೋಗುತ್ತದೆ, ಹಾಗಾಗಿ ಚಿಕ್ಕದಾಗಿರಲಿ. ಅಸಿಸ್ಟೆಂಟ್ ಒಂದೇ ತಪ್ಪನ್ನು ಎರಡನೇ ಸಲ ಮಾಡಿದಾಗ ಮಾತ್ರ ಒಂದು ಸಾಲು ಸೇರಿಸಿ.

ಯಾವ ಕೆಲಸ ಕೊಡಬೇಕು? ನೀವು ನೋಡಿಲ್ಲದ ಕೋಡ್ ಓದಿ ಯಾವುದು ಎಲ್ಲಿದೆ ಅಂತ ಹೇಳುವುದು, ಉದ್ದದ ಲಾಗ್‌ನಲ್ಲಿ ಎರರ್ ಹುಡುಕುವುದು, ಒಂದೇ ಸಲ ಬಳಸುವ ಸ್ಕ್ರಿಪ್ಟ್, 50 ಕಡೆ ಒಂದೇ ರೀತಿಯ ಬದಲಾವಣೆ: ಇವುಗಳಲ್ಲಿ ಸಮಯ ನಿಜವಾಗಿ ಉಳಿಯುತ್ತದೆ. ಸರಿಯೋ ತಪ್ಪೋ ಅಂತ ಬೇಗ ತಿಳಿಯುವ ಕೆಲಸಗಳು ಇವು. ಲಾಗಿನ್, ಹಣ, ಡೇಟಾಬೇಸ್ ಮೈಗ್ರೇಶನ್ ವಿಷಯದಲ್ಲಿ ಸಹಾಯ ಪಡೆಯಿರಿ, ಆದರೆ ಒಂದೊಂದು ಸಾಲೂ ನಿಮ್ಮ ಕಣ್ಣ ಕೆಳಗೆ ಹಾದುಹೋಗಲಿ.

ಎರಡು ಅಪಾಯಗಳ ಬಗ್ಗೆ ಮಾತ್ರ ಒತ್ತಿ ಹೇಳುತ್ತೇನೆ. ಮೊದಲನೆಯದು ಇಲ್ಲದ ಪ್ಯಾಕೇಜ್. 2025ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ 16 ಮಾಡೆಲ್‌ಗಳಿಂದ 5,76,000 ಕೋಡ್ ಮಾದರಿಗಳನ್ನು ಬರೆಸಿ ನೋಡಿದರು. ಅವು ಸೂಚಿಸಿದ ಪ್ಯಾಕೇಜ್‌ಗಳಲ್ಲಿ ಸುಮಾರು 20% ಎಲ್ಲೂ ಇರಲೇ ಇಲ್ಲ. ದುಡ್ಡು ಕೊಟ್ಟು ಬಳಸುವ ಮಾಡೆಲ್‌ಗಳಲ್ಲಿ ಇದು 5%ರಷ್ಟು, ಮುಕ್ತ ಮಾಡೆಲ್‌ಗಳಲ್ಲಿ 21%ಕ್ಕಿಂತ ಜಾಸ್ತಿ. ಇಂಥ ಹೆಸರಿನಲ್ಲಿ ಯಾರಾದರೂ ಕೆಟ್ಟ ಪ್ಯಾಕೇಜ್ ಮಾಡಿಟ್ಟರೆ, ನೀವು ಪಿಪ್ ಇನ್‌ಸ್ಟಾಲ್ ಅಂದ ಕೂಡಲೇ ಅದು ನಿಮ್ಮ ಯಂತ್ರಕ್ಕೆ ಬಂದುಬಿಡುತ್ತದೆ. ಹೊಸ ಪ್ಯಾಕೇಜ್ ಹೆಸರು ಕಂಡರೆ ಅದರ ಪುಟ ತೆರೆದು, ಯಾರು ಮಾಡಿದ್ದು, ಎಷ್ಟು ವರ್ಷದಿಂದ ಇದೆ ಅಂತ ನೋಡದೆ ಹಾಕಬೇಡಿ. ನಮ್ಮ ಹುಡುಗನಿಗೆ ರೆಗೆಕ್ಸ್ ಪ್ಯಾಕೇಜ್ ಸೂಚಿಸಿದಾಗಲೂ ಮೊದಲು ಮಾಡಿಸಿದ್ದು ಅದೇ.

ಎರಡನೆಯದು ಬಾಯಿಮಾತಿನ ಬೀಗ. 2025ರ ಜುಲೈಯಲ್ಲಿ ರೆಪ್ಲಿಟ್ ಎಂಬ ಕಂಪನಿಯ ಎಐ ಏಜೆಂಟ್ ಬಳಕೆದಾರರೊಬ್ಬರ ಪ್ರೊಡಕ್ಷನ್ (ನಿಜವಾಗಿ ಬಳಕೆಯಲ್ಲಿರುವ) ಡೇಟಾಬೇಸ್ ಅಳಿಸಿಹಾಕಿತು. ಏನೂ ಬದಲಿಸಬೇಡ ಅಂತ ಅವರು ಮೊದಲೇ ಹೇಳಿದ್ದರು. ಕಂಪನಿಯ ಮುಖ್ಯಸ್ಥರು ಕ್ಷಮೆ ಕೇಳಬೇಕಾಯಿತು. "ಮುಟ್ಟಬೇಡ" ಅನ್ನುವುದು ವಿನಂತಿ ಅಷ್ಟೇ. ಪಾಸ್‌ವರ್ಡ್ ಕೊಡದೇ ಇರುವುದು ಬೀಗ. ಅಸಿಸ್ಟೆಂಟ್ ಓಡುವ ಯಂತ್ರದಲ್ಲಿ ಪ್ರೊಡಕ್ಷನ್ ಕೀಲಿಗಳು ಇರಲೇಬಾರದು. ಹಾಗೆಯೇ ಗ್ರಾಹಕರ ಫೋನ್ ನಂಬರ್, ಆಧಾರ್, ನಿಮ್ಮ ವಿಷಯದಲ್ಲಿ ಅಸಲಿ ಬ್ಯಾಂಕ್ ಸ್ಟೇಟ್‌ಮೆಂಟ್, ಇವನ್ನು ಚಾಟ್‌ಗೆ ಅಂಟಿಸಬೇಡಿ. ಹತ್ತು ಸಾಲಿನ ಸುಳ್ಳು ಡೇಟಾ ಮಾಡಿಕೊಳ್ಳಲು ಐದು ನಿಮಿಷ ಸಾಕು. ಕಂಪನಿಯ ಕೋಡನ್ನು ಯಾವ ಖಾತೆಯಲ್ಲಿ ಬಳಸಬಹುದು ಅಂತ ಬರಹದಲ್ಲಿ ಒಪ್ಪಿಗೆ ಪಡೆದುಕೊಳ್ಳಿ.

ನಿಮ್ಮ ಸೀನಿಯರ್ ಬೈಯುವುದರಲ್ಲಿ ನ್ಯಾಯ ಇದೆ ಅಂತ ನನಗೆ ಅನಿಸುತ್ತದೆ. ನೀವು ಓದದೆ ಕಳಿಸಿದ 400 ಸಾಲನ್ನು ಓದುವ ಭಾರ ಅವರ ಮೇಲೆ ಬೀಳುತ್ತದೆ. ಉಳಿಯಿತು ಅಂತ ನಿಮಗೆ ಕಂಡ ಸಮಯ ಅವರ ದಿನದಿಂದ ಹೋಗುತ್ತಿದೆ. ಕಮಿಟ್ ಮಾಡುವಾಗ ಎಲ್ಲವನ್ನೂ ಒಟ್ಟಿಗೆ ಸೇರಿಸುವ ಬದಲು ಗಿಟ್ ಆಡ್‌ಗೆ ಪ್ಯಾಚ್ ಆಯ್ಕೆ ಕೊಟ್ಟು ತುಂಡು ತುಂಡಾಗಿ ಸೇರಿಸಿ. ಒಂದೊಂದು ತುಂಡಿಗೂ ಅದು ಹೌದೋ ಅಲ್ಲವೋ ಕೇಳುತ್ತದೆ. ಯಾಕೆ ಬೇಕು ಅಂತ ಹೇಳಲು ಬಾರದ ತುಂಡಿಗೆ ಅಲ್ಲ ಅನ್ನಿ. ಕೇಳದೆ ಸೇರಿಸಿದ ಲಾಗಿಂಗ್, ಬೇಡದ ಟ್ರೈ-ಎಕ್ಸೆಪ್ಟ್, ಸುಮ್ನೆ ಹೆಸರು ಬದಲಿಸಿದ ಫಂಕ್ಷನ್, ಇವೆಲ್ಲ ಅಲ್ಲೇ ಉದುರುತ್ತವೆ. ನನ್ನ ಅನುಭವದಲ್ಲಿ ಕಾಲು ಭಾಗವಾದರೂ ಉದುರುತ್ತದೆ.

ಮರೆತುಹೋಗುವ ಭಯದ ಬಗ್ಗೆ. ನಾಲ್ಕು ವರ್ಷದ ಅನುಭವ ಇರುವವರು ಇದನ್ನು ಕೇಳಿದ್ದು ನನಗೆ ಸಮಾಧಾನ ಕೊಟ್ಟಿತು, ಯಾಕೆಂದರೆ ಮರೆಯುವುದು ನಿಜ. ಸಿಂಟ್ಯಾಕ್ಸ್ ಮರೆತರೆ ದೊಡ್ಡ ನಷ್ಟ ಇಲ್ಲ. ಎರರ್ ನೋಡಿ ಎಲ್ಲಿ ತಪ್ಪಿರಬಹುದು ಅಂತ ಊಹಿಸುವ ಶಕ್ತಿ ಹೋದರೆ ಮಾತ್ರ ಕಷ್ಟ. ಎಐ ಕೊಟ್ಟದ್ದನ್ನು ಪರೀಕ್ಷಿಸುವುದಕ್ಕೂ ಬೇಕಾಗುವುದು ಅದೇ ಶಕ್ತಿ. ಬಗ್ ಬಂದಾಗ ಅಸಿಸ್ಟೆಂಟ್ ತೆರೆಯುವ ಮೊದಲು ನಿಮ್ಮ ಊಹೆಯನ್ನು ಒಂದು ಸಾಲು ಬರೆಯಿರಿ. ಆಮೇಲೆ ಕೇಳಿ. ನಿಮ್ಮ ಊಹೆ ಎಷ್ಟು ಸಲ ಸರಿ ಬಂತು ಅಂತ ಲೆಕ್ಕ ಇಡಿ. ವಾರಕ್ಕೆ ಒಂದು ಟಿಕೆಟ್ ಪೂರ್ತಿ ಕೈಯಾರೆ ಮಾಡಿ. ನಾನು ಈಗಲೂ ಮಾಡುತ್ತೇನೆ.

ಇನ್ನು ನಿಮ್ಮ ದಿನಾಂಕದ ಟಿಕೆಟ್. ನನ್ನ ಊಹೆ ಹೇಳುತ್ತೇನೆ, ನೀವು ಪರೀಕ್ಷಿಸಿ. ನಮ್ಮ ಬ್ಯಾಂಕ್‌ಗಳು ದಿನ ಮೊದಲು, ತಿಂಗಳು ಆಮೇಲೆ ಬರೆಯುತ್ತವೆ. ಪಾಂಡಾಸ್ ಬೇರೆ ಹೇಳದಿದ್ದರೆ ತಿಂಗಳು ಮೊದಲು ಅಂದುಕೊಳ್ಳುತ್ತದೆ. 2023ರಲ್ಲಿ ಬಂದ 2.0 ಆವೃತ್ತಿಗಿಂತ ಹಿಂದಿನದಾದರೆ ಒಂದೊಂದು ಸಾಲಿಗೂ ಬೇರೆ ಬೇರೆ ಊಹೆ ಮಾಡುತ್ತದೆ: 04/03/2025 ಅನ್ನು ಏಪ್ರಿಲ್ 3 ಅಂತ ಓದುತ್ತದೆ, 13/05/2025 ಬಂದಾಗ 13ನೇ ತಿಂಗಳು ಇಲ್ಲವಲ್ಲ, ಆಗ ಎರರ್ ಕೊಡದೆ ಮೇ 13 ಅಂತ ಸರಿಯಾಗಿ ಓದುತ್ತದೆ. ಕೆಲವು ಸರಿ, ಕೆಲವು ತಪ್ಪು ಅಂತ ನೀವು ಹೇಳಿದ್ದಕ್ಕೆ ಇದು ಹೊಂದುತ್ತದೆ. ತಪ್ಪಾದವೆಲ್ಲ 1ರಿಂದ 12ನೇ ತಾರೀಖಿನವೇ ಅಂತ ಮೊದಲು ನೋಡಿ. ಹೌದಾದರೆ ಆ ಮೂರು ದಿನದ ಮಾತುಕತೆ ಮುಚ್ಚಿ, ಬ್ರಾಂಚ್ ಬಿಟ್ಟು, ಕೈಯಾರೆ ನಾಲ್ಕು ಸಾಲಿನ ಸಿಎಸ್‌ವಿ ಮಾಡಿ: 01/04/2025, 04/03/2025, 12/05/2025, 13/05/2025. ಪಕ್ಕದಲ್ಲಿ ಬರಬೇಕಾದ ಉತ್ತರ ಬರೆಯಿರಿ: ಏಪ್ರಿಲ್ 1, ಮಾರ್ಚ್ 4, ಮೇ 12, ಮೇ 13. 05/05 ಥರದ್ದು ಹಾಕಬೇಡಿ, ಹೇಗೆ ಓದಿದರೂ ಅದು ಸರಿಯೇ ಕಾಣುತ್ತದೆ. ಇಷ್ಟನ್ನು ಟೆಸ್ಟ್ ಮಾಡಿ ಅಸಿಸ್ಟೆಂಟ್ ಮುಂದೆ ಇಡಿ, ದಿನಾಂಕದ ಫಾರ್ಮ್ಯಾಟನ್ನು ಊಹೆಗೆ ಬಿಡದೆ ಸ್ಪಷ್ಟವಾಗಿ ಕೊಡಲು ಹೇಳಿ. ಬದಲಾಗುವುದು ಒಂದೋ ಎರಡೋ ಸಾಲು ಇರಬೇಕು. ಅದಕ್ಕಿಂತ ಜಾಸ್ತಿ ಬದಲಿಸಿ ತಂದರೆ ಒಪ್ಪಬೇಡಿ, ಯಾಕೆ ಅಂತ ಕೇಳಿ.